ಮರೆತುಹೋದ ಗೇಮ್‌ಗಳು, ಡೂಪ್ಲಿಕೇಟ್ ಕ್ಯಾಸೆಟ್‌ಗಳು: ಯಾವುದನ್ನ ಇಟ್ಕೋಬೇಕು, ಯಾವುದನ್ನ ಗುಜರಿಗೆ ಹಾಕ್ಬೇಕು?

ಕತ್ರಿಗುಪ್ಪೆ_ಕಾಂಟ್ರಾ

ಸೋದರಮಾವನಿಗೆ ಗಾಂಧಿನಗರದಲ್ಲಿ, ನ್ಯಾಷನಲ್ ಮಾರ್ಕೆಟ್ ಹತ್ರ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಇತ್ತು. ವಾಕ್‌ಮನ್, ಕ್ಯಾಲ್ಕುಲೇಟರ್, ವಾಚು, ಟಿವಿ ಗೇಮು. ಈಗ ಮುಚ್ಚಿದಾರೆ. ಅಟ್ಟ ಖಾಲಿ ಮಾಡುವಾಗ ಬಿಸ್ಕೆಟ್ ಡಬ್ಬಿ ತುಂಬ ಗೇಮ್ ಬಾಯ್ (ನಿಂಟೆಂಡೊದ, ಕೈಯಲ್ಲಿ ಹಿಡಿದು ಆಡೋ ಮೆಷಿನ್) ಕ್ಯಾಸೆಟ್ ಸಿಕ್ವು. "ಗುಜರಿಯವನಿಗೆ ಕೊಟ್ಬಿಡೋ, ಯಾವುದೂ ಒರಿಜಿನಲ್ ಅಲ್ಲ" ಅಂದ್ರು ಮಾವ. ಮನಸ್ಸು ಬರಲಿಲ್ಲ, ಮನೆಗೆ ಹೊತ್ಕೊಂಡು ಬಂದೆ.

ಡಬ್ಬೀಲಿ ಇರೋದು ಇವು. ಗೇಮ್ ಬಾಯ್ ಕಲರ್‌ಗೆ ಪೋಕೆಮಾನ್ ಡೈಮಂಡ್. ನನಗೆ ಗೊತ್ತಿರೋ ಡೈಮಂಡ್ ಬಂದಿದ್ದು 2006ರಲ್ಲಿ, ಅದೂ ನಿಂಟೆಂಡೊದ ಆಮೇಲಿನ ಮೆಷಿನ್ ಡಿಎಸ್‌ಗೆ. ಇದು ಎಲ್ಲಿಂದ ಬಂತು? ಸೂಪರ್ ಮಾರಿಯೋ 4 ಅಂತ ಒಂದು, ಆದ್ರೆ ಆಟದ ನಡಿಗೆಯೇ ಮಾರಿಯೋ ಥರ ಇಲ್ಲ. ಒಂದು 4 ಇನ್ 1, ಆನ್ ಮಾಡಿದ್ರೆ ನಿಂಟೆಂಡೊ ಅಂತ ಬರೋ ಜಾಗದಲ್ಲಿ ಬೇರೆ ಹೆಸರು ಇಳಿದು ಬರುತ್ತೆ. ಗೇಮ್ ಬಾಯ್ ಅಡ್ವಾನ್ಸ್‌ಗೆ ಪೋಕೆಮಾನ್ ಎಮರಾಲ್ಡ್, ಸೇವ್ ಆಗಲ್ಲ, "1ಎಂ ಸಬ್-ಸರ್ಕ್ಯೂಟ್ ಬೋರ್ಡ್" ಹಾಕಿಲ್ಲ ಅಂತ ಬೈಯುತ್ತೆ. ಬೊಕ್ಟಾಯ್ ಅಂತ ಇನ್ನೊಂದು, ಮೇಲ್ಗಡೆ ಪುಟ್ಟ ಕಿಟಕಿ ಇದೆ. ಆಮೇಲೆ ಪೂರ್ತಿ ಚೈನೀಸ್ ಲೇಬಲ್ ಇರೋ ಒಂದು ಕ್ಯಾಸೆಟ್, ಕತ್ತಿ ಹಿಡಿದ ಹುಡುಗನ ಚಿತ್ರ, ಸ್ಕ್ರೀನ್ ಬೆಳ್ಳಗಾಗಿ ನಿಂತ್ಬಿಡುತ್ತೆ. ಜೊತೆಗೆ ನಾಲ್ಕೈದು ಬ್ರಿಕ್ ಗೇಮ್.

ಇದರಲ್ಲಿ ಏನಾದ್ರೂ ಬೆಲೆ ಬಾಳುತ್ತಾ?

ಸೋಲ್ಡರ್_ಸೀನ

ಬೆಲೆ ಆಮೇಲೆ. ಮೊದಲು, ದಯವಿಟ್ಟು ಊದಬೇಡಿ ಗುರುವೇ. ನಾವೆಲ್ಲ ಚಿಕ್ಕವರಿದ್ದಾಗ ಊದಿ ಊದಿ ಹಾಕಿದ್ದು ನಿಜ, ಆದ್ರೆ ಕ್ಯಾಸೆಟ್ ನಡೀತಿದ್ದುದು ತೆಗೆದು ಮತ್ತೆ ಹಾಕಿದ್ದಕ್ಕೆ. ಎಂಜಲಿನ ತೇವಕ್ಕೆ ಪಿನ್‌ಗಳು ಹಸಿರುಗಟ್ಟುತ್ತವೆ ಅಷ್ಟೇ. ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಲ್ಲಿ ಸಿಗುತ್ತೆ. ಇಯರ್ ಬಡ್‌ನಲ್ಲಿ ಅದ್ದಿ ಪಿನ್ ಒರೆಸಿ, ಕಪ್ಪು ಬರೋದು ನಿಲ್ಲೋವರೆಗೂ.

ಆಮೇಲೆ ಬಿಚ್ಚಿ ನೋಡಿ. ಒರಿಜಿನಲ್ ಗೇಮ್ ಬಾಯ್ ಕ್ಯಾಸೆಟ್‌ಗೆ 3.8 ಎಂಎಂ ಗೇಮ್ ಬಿಟ್ ಬೇಕು, ಅಡ್ವಾನ್ಸ್‌ದಕ್ಕೆ ಮೂರು ರೆಕ್ಕೆಯ ಸ್ಕ್ರೂಡ್ರೈವರ್. ಮಾಮೂಲಿ ಪ್ಲಸ್ ಸ್ಕ್ರೂ ಕಂಡ್ರೆ ಅಲ್ಲೇ ಅನುಮಾನ ಪಡಬಹುದು. ಅಡ್ವಾನ್ಸ್ ಕ್ಯಾಸೆಟ್ಟನ್ನ ಬಿಚ್ಚದೇನೇ ಕೆಳಗಿಂದ ನೋಡಿ: ಪಿನ್‌ಗಳ ಮೇಲ್ಗಡೆ ಬೋರ್ಡ್ ಮೇಲೇ ನಿಂಟೆಂಡೊ ಅಂತ ಅಚ್ಚಾಗಿರಬೇಕು. ಲೇಬಲ್ ಮೇಲೆ ಫ್ಯಾಕ್ಟರಿಯಲ್ಲಿ ಒತ್ತಿದ ಎರಡು ಅಂಕಿ ಬಣ್ಣ ಇಲ್ಲದೆ ತಗ್ಗಾಗಿ ಕಾಣುತ್ತೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಮರಾಲ್ಡ್‌ನ ನಿಜವಾದ ಕವಚ ಹಸಿರು, ಆಚೆ ಕಡೆ ಕಾಣೋವಷ್ಟು ಪಾರದರ್ಶಕ. ಒಳಗೆ ಚಿಪ್‌ಗಳ ಬದಲು ಕಪ್ಪು ಎಪಾಕ್ಸಿ ಉಂಡೆ ಇದ್ರೆ ಬಹುತೇಕ ಡೂಪ್ಲಿಕೇಟೇ.

ನಿಮ್ಮ ಎಮರಾಲ್ಡ್ ಬೈತಿರೋದಕ್ಕೂ ಕಾರಣ ಅದೇ. ಒರಿಜಿನಲ್‌ನಲ್ಲಿ ಸೇವ್ ಹೋಗೋದು 1 ಮೆಗಾಬಿಟ್, ಅಂದ್ರೆ 128 ಕಿಲೋಬೈಟ್ ಫ್ಲ್ಯಾಶ್ ಚಿಪ್‌ಗೆ. ಗೇಮ್ ಶುರುವಿನಲ್ಲೇ ಆ ಚಿಪ್‌ನ ಗುರುತು ಕೇಳುತ್ತೆ. ಕಳ್ಳ ಬೋರ್ಡಲ್ಲಿ ಆ ಚಿಪ್ ಇರಲ್ಲ, ಅಗ್ಗದ ಎಸ್‌ರ್ಯಾಮ್ (ಕರೆಂಟ್ ಇರೋವರೆಗೆ ಮಾತ್ರ ನೆನಪಿಡೋ ಚಿಪ್) ಒಂದು ಬ್ಯಾಟರಿ ಜೊತೆ ಕೂತಿರುತ್ತೆ. ಅದಕ್ಕೆ ತಕ್ಕಂತೆ ಗೇಮ್ ಕೋಡನ್ನ ಸರಿಯಾಗಿ ತಿದ್ದಿದ್ರೆ ನಡೆಯುತ್ತೆ. ಅವಸರದಲ್ಲಿ ಮಾಡಿದ್ರೆ ಈ ಬೈಗುಳ.

ಆರ್‌ಟಿನಗರ_ರಾಮು

ಆನ್‌ಲೈನ್‌ನಲ್ಲಿ "ಅಪರೂಪದ ಸಂಗ್ರಹ" ಅಂತ ಹಾಕಿ ಮಾರ್ಬಿಡಿ ಬಾಸ್. ಯಾರೋ ಒಬ್ಬ ತಗೋತಾನೆ.

ಪಿಕ್ಸೆಲ್_ಪದ್ದಕ್ಕ

ರಾಮು, ಈ ಬುದ್ಧಿ ಇರೋದ್ರಿಂದಲೇ ಮಾರ್ಕೆಟ್ ಹಾಳಾಗಿರೋದು. ಕಾಂಟ್ರಾ ಅವರೇ, ಮಾರಬೇಡಿ, ಎಸೀಬೇಡಿ. ಒಂದೊಂದಾಗಿ ಹೇಳ್ತೀನಿ.

ನಿಮ್ಮ ಡೈಮಂಡ್ ಪೋಕೆಮಾನೇ ಅಲ್ಲ. 2000ದಲ್ಲಿ ಜಪಾನಿನಲ್ಲಿ ಟೆಲಿಫ್ಯಾಂಗ್ ಅಂತ ಒಂದು ಗೇಮ್ ಬಂತು, ಪ್ರಕಟಿಸಿದ್ದು ಸ್ಮೈಲ್‌ಸಾಫ್ಟ್, ಮಾಡಿದ್ದು ನಾಟ್ಸುಮೆ. ಪವರ್, ಸ್ಪೀಡ್ ಅಂತ ಎರಡು ಆವೃತ್ತಿ. ಕಳ್ಳ ಕ್ಯಾಸೆಟ್ಟಿನವರು ಅದನ್ನ ಎತ್ಕೊಂಡು, ಹೇಗೋ ಇಂಗ್ಲಿಷ್ ಮಾಡಿ, ಪವರ್‌ಗೆ ಡೈಮಂಡ್ ಅಂತ, ಸ್ಪೀಡ್‌ಗೆ ಜೇಡ್ ಅಂತ ಪೋಕೆಮಾನ್ ಹೆಸರು ಅಂಟಿಸಿದರು. ಭಾಷೆ ಎಷ್ಟು ಕೆಟ್ಟದಾಗಿದೆ ಅಂದ್ರೆ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದೇ ತಿಳಿಯಲ್ಲ. ಆದ್ರೆ ಕೆಳಗೆ ಅಡಗಿರೋ ಗೇಮ್ ಇದೆಯಲ್ಲ, ಅದು ಸೊಗಸಾದ್ದು. ಪ್ರಾಣಿಗಳನ್ನ ಹಿಡಿದು ಡಬ್ಬಿಗೆ ತುಂಬೋದಿಲ್ಲ. ಸ್ನೇಹ ಮಾಡ್ಕೊಂಡು ಅವುಗಳ ಫೋನ್ ನಂಬರ್ ಇಸ್ಕೊಳ್ಳೋದು. ಜಗಳ ಬಂದಾಗ ಫೋನ್ ಮಾಡಿ ಕರೆಯೋದು. ಜಪಾನಿನ ಆಚೆ ಅದು ಅಧಿಕೃತವಾಗಿ ಬರಲೇ ಇಲ್ಲ. ಹೊರಗಿನವರು ಅದರ ಬಗ್ಗೆ ಕೇಳಿದ್ದೇ ಈ ಕಳ್ಳ ಕ್ಯಾಸೆಟ್‌ನಿಂದ. ಆಮೇಲೆ ಅಭಿಮಾನಿಗಳು ಕೂತು ಸರಿಯಾದ ಅನುವಾದಕ್ಕೆ ಕೈ ಹಾಕಿದ್ರು.

ಸೂಪರ್ ಮಾರಿಯೋ 4 ಒಂದು ಕ್ರೇಯಾನ್ ಶಿನ್-ಚಾನ್ ಗೇಮು. ಶಿನ್-ಚಾನ್ ತಲೆ ತೆಗೆದು ಮಾರಿಯೋ ತಲೆ ಇಟ್ಟಿದಾರೆ. ನಡಿಗೆ ಬೇರೆ ಅನ್ಸಿದ್ದು ಅದಕ್ಕೇ. ಇಟ್ಕೊಳ್ಳಿ, ನಗೋಕೆ ಆಗುತ್ತೆ.

4 ಇನ್ 1 ತೈವಾನಿನ ಸಾಚೆನ್ ಕಂಪನಿಯದು ಇರ್ಬೇಕು. ಆ ಬೇರೆ ಹೆಸರಿನ ಕಥೆ ಚೆನ್ನಾಗಿದೆ. ಗೇಮ್ ಬಾಯ್ ಒಳಗೆ 256 ಬೈಟ್‌ನ ಬೂಟ್ ಪ್ರೋಗ್ರಾಮ್ ಇದೆ. ಆನ್ ಆದ ತಕ್ಷಣ ಅದು ಕ್ಯಾಸೆಟ್‌ನಿಂದ 48 ಬೈಟ್‌ನ ಲೋಗೋ ಓದಿ ಸ್ಕ್ರೀನ್ ಮೇಲೆ ಇಳಿಸುತ್ತೆ, ಆಮೇಲೆ ಮತ್ತೊಂದು ಸಲ ಓದಿ ತನ್ನ ಹತ್ತಿರ ಇರೋ ಪ್ರತಿ ಜೊತೆ ಹೋಲಿಸುತ್ತೆ. ಒಂದು ಬಿಟ್ ತಪ್ಪಿದ್ರೂ ಅಲ್ಲೇ ನಿಲ್ಲುತ್ತೆ. ನಿಂಟೆಂಡೊ ಲೆಕ್ಕಾಚಾರ ಏನಂದ್ರೆ, ಅನುಮತಿ ಇಲ್ಲದೆ ಕ್ಯಾಸೆಟ್ ಮಾಡೋರು ನಮ್ಮ ಟ್ರೇಡ್‌ಮಾರ್ಕ್ ಹಾಕಲೇಬೇಕು, ಹಾಕಿದ ಕೂಡಲೇ ಕೋರ್ಟಿಗೆ ಎಳೀಬಹುದು. ಸಾಚೆನ್‌ನವರು ಏನು ಮಾಡಿದ್ರು ಗೊತ್ತಾ? ಎರಡು ಸಲ ಓದ್ತೀಯಾ, ಹಾಗಾದ್ರೆ ಮೊದಲ ಸಲ ನಮ್ಮ ಹೆಸರು ಕೊಡ್ತೀವಿ, ಎರಡನೇ ಸಲ ನಿನ್ನ ಹೆಸರು ಕೊಡ್ತೀವಿ. ಪರದೆ ಮೇಲೆ ಕಂಡಿದ್ದು ಸಾಚೆನ್, ಪರೀಕ್ಷೆಯಲ್ಲಿ ಪಾಸಾಗಿದ್ದು ನಿಂಟೆಂಡೊ.

ಇದೇ ಉಪಾಯವನ್ನ ಬ್ರಿಟನ್ನಿನ ಆರ್ಗೊನಾಟ್ ಅನ್ನೋ ಕಂಪನಿನೂ ಮಾಡಿತ್ತು, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇಟ್ಟು. ಹೋಗಿ ನಿಂಟೆಂಡೊಗೇ ತೋರಿಸಿದ್ರು. ಅವರು ಕೇಸ್ ಹಾಕೋದು ಬಿಟ್ಟು ಕೆಲಸ ಕೊಟ್ರು. ಅದರಿಂದ ಬಂದದ್ದು 1992ರ "ಎಕ್ಸ್", ಕಪ್ಪುಬಿಳುಪು ಗೇಮ್ ಬಾಯ್‌ನಲ್ಲಿ ಗೆರೆಗಳಲ್ಲೇ ಬಿಡಿಸಿದ ತ್ರೀಡಿ. ಅದೂ ಜಪಾನಿನಲ್ಲಿ ಮಾತ್ರ ಬಿಡುಗಡೆ ಆಯ್ತು. ಮುಂದಿನ ವರ್ಷ ಬಂದ ಸ್ಟಾರ್ ಫಾಕ್ಸ್ ಹಿಂದೆ ಇದ್ದೋರೂ ಇವರೇ. ತಡೆಯೋದೂ, ಕರೆದು ಕೂರಿಸೋದೂ ಒಂದೇ ಮನೆಯವರು.

ವಕೀಲ್_ವಿಜಯನಗರ

ಪದ್ದಮ್ಮನವರ ಬರಹ ಚೆನ್ನಾಗಿದೆ, ಆದರೆ ಕಳ್ಳ ಮಾಲಿಗೆ ಇಷ್ಟು ಹಾರ ಹಾಕುವುದು ನನಗೆ ಸರಿಕಾಣುತ್ತಿಲ್ಲ. ಕೃತಿಸ್ವಾಮ್ಯ ಕಾಯ್ದೆ 1957ರ 63ನೇ ಕಲಂ ಪ್ರಕಾರ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. 63ಬಿ ಇನ್ನೂ ಹತ್ತಿರದ್ದು: ಕದ್ದ ಪ್ರತಿ ಎಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಮ್ ಬಳಸಿದರೆ ಅದೂ ಅಪರಾಧ. ಹಳೇ ಗೇಮ್, ಯಾರೂ ಮಾರುತ್ತಿಲ್ಲ ಎನ್ನುವುದು ಕಾನೂನಿನ ಕಣ್ಣಲ್ಲಿ ವಾದವೇ ಅಲ್ಲ.

ಇನ್ನೊಂದು ಕಡೆಯೂ ಹೇಳಿಬಿಡುತ್ತೇನೆ. 52(1)(ಎಎ) ಪ್ರಕಾರ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಇಟ್ಟುಕೊಂಡವನು ನಷ್ಟವಾಗದಿರಲೆಂದು ತಾತ್ಕಾಲಿಕ ರಕ್ಷಣೆಗೆ ಬ್ಯಾಕಪ್ ಮಾಡಿಕೊಳ್ಳಬಹುದು. ಒರಿಜಿನಲ್ ಕ್ಯಾಸೆಟ್ ಇದ್ದವರಿಗೆ ಅದು ಆಧಾರ. ಡೂಪ್ಲಿಕೇಟ್ ಇಟ್ಟುಕೊಂಡವರಿಗೆ ಅಲ್ಲ.

ಪಿಕ್ಸೆಲ್_ಪದ್ದಕ್ಕ

ವಕೀಲರೇ, ಎಮರಾಲ್ಡ್‌ನ ನಕಲಿಗೆ ನಾನೂ ಹಾರ ಹಾಕಲ್ಲ. ಅದು ಶುದ್ಧ ಕಳ್ಳತನ, ತೆಗೆದು ಆಚೆ ಇಡಿ. ಆದ್ರೆ ಡೂಪ್ಲಿಕೇಟ್ ಅನ್ನೋ ಒಂದೇ ಬುಟ್ಟಿಗೆ ಎಲ್ಲಾನೂ ಹಾಕ್ಬೇಡಿ. ಸಾಚೆನ್‌ನ ಎಷ್ಟೋ ಗೇಮ್ ಅವರೇ ಬರೆದದ್ದು. ಅನುಮತಿ ಇರಲಿಲ್ಲ ಅಷ್ಟೇ, ಯಾರದನ್ನೂ ನಕಲು ಮಾಡಿದ್ದಲ್ಲ. ಅದೇ ತೈವಾನಿನ ವಾಸ್ಟ್ ಫೇಮ್ ಅನ್ನೋರು ಗೇಮ್ ಬಾಯ್ ಕಲರ್‌ಗೆ ಝೂಕ್ ಹೀರೋ ಅಂತ ಮಾಡಿದ್ರು. ನೋಡೋಕೆ ರಾಕ್‌ಮ್ಯಾನ್ (ಕ್ಯಾಪ್‌ಕಾಮ್‌ನ ಮೆಗಾ ಮ್ಯಾನ್) ತಮ್ಮನ ಹಾಗಿದ್ರೂ ಕೋಡ್, ಹಂತ, ಸಂಗೀತ ಅವರದ್ದೇ. ಕೂತು ಬರೆದವರು ಯಾರು ಅಂತ ಎಷ್ಟೋ ಕ್ಯಾಸೆಟ್‌ನಲ್ಲಿ ಎಲ್ಲೂ ಇಲ್ಲ.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕೆ ಮುಂಚೆ ಅಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ 87% ಈಗ ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗಲ್ಲ. ಅದು ಕಂಪನಿ ಹೆಸರು, ವಿಳಾಸ ಇರೋ ಗೇಮ್‌ಗಳ ಕಥೆ. ವಾರಸುದಾರರೇ ಇಲ್ಲದವುಗಳನ್ನ ಯಾರು ಮರುಬಿಡುಗಡೆ ಮಾಡ್ತಾರೆ? ನಮ್ಮ ಊರಿನ ಅಟ್ಟದ ಮೇಲೆ ಇರೋ ಕ್ಯಾಸೆಟ್‌ಗಳೇ ಅವುಗಳ ಮ್ಯೂಸಿಯಂ.

ವಕೀಲ್_ವಿಜಯನಗರ

ಹೆಸರಿಲ್ಲದ ಕೃತಿಗೂ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ ಇದೆ ಎಂಬುದಷ್ಟೇ ನನ್ನ ಟಿಪ್ಪಣಿ. ಮುಂದುವರಿಸಿ. ಓದುತ್ತಿದ್ದೇನೆ.

ಸೋಲ್ಡರ್_ಸೀನ

ಅಷ್ಟರಲ್ಲಿ ಬ್ಯಾಟರಿ ಲೀಕ್ ಆಗಿ ಬೋರ್ಡೇ ಉಳಿದಿರಲ್ಲ ವಕೀಲ್ರೇ.

ಬಸವನಗುಡಿ_ಬ್ರಿಕ್

ಬ್ರಿಕ್ ಗೇಮ್ ಬಗ್ಗೆ ಯಾರೂ ಮಾತಾಡ್ತಿಲ್ಲ, ಹಾಗಾಗಿ ನಾನು. ಬೆಂಗಳೂರಿನ ಬಹಳಷ್ಟು ಮಕ್ಕಳ ಮೊದಲ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್ ಅಲ್ಲ, ಅದನ್ನ ಕೊಡಿಸೋ ಶಕ್ತಿ ಯಾರ ಮನೆಯಲ್ಲಿತ್ತು? ಕಡಲೆಕಾಯಿ ಪರಿಷೆಯಲ್ಲಿ ಬಸವಣ್ಣನ ಗುಡಿ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಆಟಿಕೆ ಹಾಸಿಕೊಂಡು ಕೂತಿರ್ತಾರಲ್ಲ, ಅಲ್ಲಿ ಸಿಗ್ತಿದ್ದ 9999 ಇನ್ 1. ಪರದೆ 10 ಅಗಲ, 20 ಎತ್ತರದ ಚೌಕಗಳು. ಅದರಲ್ಲೇ ಟೆಟ್ರಿಸ್, ಅದರಲ್ಲೇ ಕಾರ್ ರೇಸ್, ಟ್ಯಾಂಕ್, ಹಾವು, ಕಪ್ಪೆ ರಸ್ತೆ ದಾಟೋದು. 9999 ಅನ್ನೋದು ವೇಗ, ಹಂತ, ಉಲ್ಟಾ-ಪಲ್ಟಾ ಎಲ್ಲ ಗುಣಿಸಿದ ಸಂಖ್ಯೆ. ನಿಜವಾಗಿ ಬೇರೆ ಬೇರೆ ಆಟ ಇರೋದು ಕೆಲವೇ ಕೆಲವು.

ನನ್ನ ಅಭಿಪ್ರಾಯದಲ್ಲಿ ಆ ಕಾರ್ ರೇಸ್ ಇವತ್ತಿಗೂ ಒಳ್ಳೆ ಆಟ. 200 ಚೌಕದಲ್ಲಿ ಯಾರೋ ಒಬ್ಬ ಒಂದು ಪೂರ್ತಿ ಹೈವೇ ಕಟ್ಟಿದಾನೆ. ಟೆಟ್ರಿಸ್ ಬರೆದ ಅಲೆಕ್ಸಿ ಪಜಿಟ್ನೊವ್ ಹೆಸರು (1984, ಮಾಸ್ಕೋ) ಎಲ್ಲರಿಗೂ ಗೊತ್ತು, ಕಾರ್ ರೇಸ್ ಬರೆದವನನ್ನ ಯಾರು ಕೇಳಿದ್ರು? ಈಗ ಅದೇ ಜಾಗಕ್ಕೆ ಎಸ್‌ಯುಪಿ 400 ಇನ್ 1 ಬಂದಿದೆ, ಗೇಮ್ ಬಾಯ್ ಥರ ಮೈ, ಒಳಗೆ ನಿಂಟೆಂಡೊದ ಹಳೇ ಟಿವಿ ಗೇಮ್ ಮೆಷಿನ್ ಫ್ಯಾಮಿಕಾಮ್‌ನ ನಕಲು ಚಿಪ್. ಚೆನ್ನಾಗಿದೆ, ಆದ್ರೆ ಪ್ರೀತಿ ಬರಲ್ಲ.

ಧಾರವಾಡದ_ಮಂಜ್ಯಾ

ನಾ ಈಗ ಹೆಬ್ಬಾಳದಾಗ ಅದೀನಿ, ಆದ್ರ ನಮ್ಮೂರಾಗ ಬ್ರಿಕ್ ಗೇಮ್ ಇಟ್ಟವನ ಮನಿ ಮುಂದ ಪಾಳಿ ಹಚ್ಚತಿದ್ವಿ. ಒಂದು ಔಟ್ ಆದ್ರ ಇನ್ನೊಬ್ಬನ ಕೈಗೆ ಕೊಡಬೇಕು. ಹೈ ಸ್ಕೋರ್ ಮಾತ್ರ ಉಳೀತಿರಲಿಲ್ರೀ, ಸೆಲ್ ತಗದ್ರ ಎಲ್ಲಾ ಸೊನ್ನಿ. ಹಿಂಗಾಗಿ ಯಾರು ದೊಡ್ಡಾಂವ ಅಂತ ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಮಾತು. ನೋಕಿಯಾ ಎನ್-ಗೇಜ್ ಅನ್ನೋ ಗೇಮ್ ಫೋನ್ ಯಾರಿಗರ ನೆನಪೈತೇನು? 2003. ಗೇಮ್ ಬದಲಿ ಮಾಡಬೇಕಂದ್ರ ಹಿಂದಿನ ಬ್ಯಾಟರಿ ತಗೀಬೇಕು, ಫೋನ್ ಅಡ್ಡ ಹಿಡದು ಮಾತಾಡಬೇಕು. ಮಂದಿ ನಕ್ಕರು, ಖರೇ. ಆದ್ರ ಅದರ ಗೇಮ್‌ಗಳನ್ನ ಯಾರೋ ಒಡದು ಬ್ಯಾರೆ ಸಿಂಬಿಯನ್ ಫೋನ್‌ನಾಗೂ ಓಡೋ ಹಂಗ ಮಾಡಿದ್ರು. ನಮ್ಮ ಹಾಸ್ಟೆಲ್‌ನಾಗ ನೋಕಿಯಾ 6600 ಫೋನ್ ಇದ್ದಾವ ರಾಜ, ಬ್ಲೂಟೂತ್‌ನಾಗ ಗೇಮ್ ಹಂಚತಿದ್ದ.

ಚಿಕ್ಕಪೇಟೆ_ಚಿಪ್

ಒರಿಜಿನಲ್ ಆಗಿ ಬಂದು ಯಾರೂ ತಿರುಗಿ ನೋಡದ ಗೇಮ್‌ಗಳ ಬಗ್ಗೇನೂ ಮಾತಾಡೋಣ. ನನಗೆ ಅದೇ ಹೆಚ್ಚು ಹೊಟ್ಟೆ ಉರಿ.

ಶಾಂಟೇ ತಗೊಳ್ಳಿ. ವೇಫಾರ್ವರ್ಡ್ ಮಾಡಿದ್ದು, ಕ್ಯಾಪ್‌ಕಾಮ್ ಪ್ರಕಟಿಸಿದ್ದು, ಗೇಮ್ ಬಾಯ್ ಕಲರ್‌ಗೆ. ಆದ್ರೆ ಬಂದಿದ್ದು 2002ರಲ್ಲಿ. ಅಡ್ವಾನ್ಸ್ ಬಂದು ಆಗಲೇ ವರ್ಷ ಆಗಿತ್ತು, ಹಳೇ ಮೆಷಿನ್ನಿಗೆ ಹೊಸ ಕ್ಯಾಸೆಟ್ ಯಾರು ಕೊಳ್ತಾರೆ? ಕಲರ್‌ನಲ್ಲಿ ಅದಕ್ಕಿಂತ ಚೆಂದದ ಅನಿಮೇಷನ್ ನಾನು ಕಂಡಿಲ್ಲ. ಅಂಗಡಿಯಲ್ಲಿ ಬಿದ್ದಿದ್ದು ಈಗ ಹರಾಜಲ್ಲಿ ಹಾರಾಡ್ತಿದೆ, ಅದಕ್ಕೆ ನಕಲಿಗಳೂ ರಾಶಿ.

ಸನ್‌ಸಾಫ್ಟ್‌ನವರ ಟ್ರಿಪ್ ವರ್ಲ್ಡ್, 1992. ಅದರಲ್ಲಿ ಎದುರು ಬರೋ ಎಷ್ಟೋ ಪ್ರಾಣಿಗಳು ನಿಮಗೆ ಏನೂ ಮಾಡಲ್ಲ, ತಮ್ಮ ಪಾಡಿಗೆ ತಾವು ಇರ್ತವೆ. ಒದ್ದರೆ ಬೇಜಾರು ಮಾಡ್ಕೊಳ್ತವೆ. ಅರ್ಧ ಗಂಟೆಯಲ್ಲಿ ಮುಗಿಯುತ್ತೆ, ಅದೇ ಅದರ ಮೇಲಿದ್ದ ದೂರು. ನನಗೆ ಅದೇ ಇಷ್ಟ. ಆಮೇಲೆ ಮೋಲ್ ಮೇನಿಯಾ, 1996. ಮಾರಿಯೋ ಸೃಷ್ಟಿಸಿದ ಮಿಯಾಮೊಟೊ ನಿರ್ಮಾಪಕ ಅಂತ ಹೆಸರಿದ್ದೂ ಮರೆತುಹೋದ ಗೇಮ್ ಅಂದ್ರೆ ಇದೇ ಇರ್ಬೇಕು. ನೆಲದ ಮೇಲೂ ಕೆಳಗೂ ಏಕಕಾಲಕ್ಕೆ ಯೋಚಿಸಿ ಬಿಡಿಸೋ ಒಗಟು.

ಕಾಂಟ್ರಾ ಅವರೇ, ನಿಮ್ಮ ಬೊಕ್ಟಾಯ್‌ನ ಕಿಟಕಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಬಿಸಿಲಿನ ಸೆನ್ಸರ್. ಮೆಟಲ್ ಗಿಯರ್ ಖ್ಯಾತಿಯ ಕೊಜಿಮಾ ನಿರ್ಮಿಸಿದ ಗೇಮ್, 2003. ರಕ್ತಪಿಶಾಚಿಗಳನ್ನ ಕೊಲ್ಲೋ ಬಂದೂಕಿಗೆ ನಿಜವಾದ ಸೂರ್ಯನ ಬೆಳಕೇ ಚಾರ್ಜ್. ಟ್ಯೂಬ್‌ಲೈಟ್ ಕೆಳಗೆ ಹಿಡಿದ್ರೆ ಏನೂ ಆಗಲ್ಲ, ತಾರಸಿಗೆ ಹೋಗಲೇಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಮೀಟರ್ ತುಂಬಿ ತುಳುಕುತ್ತೆ, ಬಂದೂಕು ಕಾದು ಕೆಂಪಾಯ್ತು ನೆರಳಿಗೆ ಹೋಗು ಅಂತ ಗೇಮೇ ಹೇಳುತ್ತೆ. ಜುಲೈನಲ್ಲಿ ಬೆಂಗಳೂರಿನ ಮೋಡ ಕವಿದ ಮೇಲೆ ವಾರಗಟ್ಟಲೆ ಪಿಶಾಚಿಗಳದ್ದೇ ರಾಜ್ಯ. ಕವಚದಲ್ಲಿ ಕಿಟಕಿ ಇದೆ ಅಂದ್ರೆ ನಿಮ್ಮದು ಒರಿಜಿನಲ್ ಇರಬಹುದು, ಬಿಸಿಲಿಗೆ ಹಿಡಿದು ಮೀಟರ್ ಏರುತ್ತಾ ನೋಡಿ.

ಕಳ್ಳ ಕ್ಯಾಸೆಟ್ ಸೋಲೋದು ಇಲ್ಲೇ. ಗೇಮಿನ ಡೇಟಾ ಕದಿಯಬಹುದು, ಸೆನ್ಸರ್ ಕದಿಯೋಕಾಗಲ್ಲ. ಗೇಮ್ ಫ್ರೀಕ್‌ನ ಡ್ರಿಲ್ ಡೋಜರ್ (ಪೋಕೆಮಾನ್ ಮಾಡೋರೇ, 2005) ಒರಿಜಿನಲ್ ಕ್ಯಾಸೆಟ್ ಕೈಯಲ್ಲಿ ಗಡಗಡ ನಡುಗುತ್ತೆ, ನಕಲಿ ಸತ್ತ ಹಾಗೆ ಇರುತ್ತೆ. ತಿರುಗಿಸಿ ಆಡೋ ವಾರಿಯೋವೇರ್ ಟ್ವಿಸ್ಟೆಡ್‌ನ ನಕಲಿಯಂತೂ ಆಡೋಕೇ ಬರಲ್ಲ.

ಆರ್‌ಟಿನಗರ_ರಾಮು

ನಮ್ಮ ದೇಶದವರು ಏನೂ ಮಾಡ್ಲಿಲ್ವಾ?

ಚಿಕ್ಕಪೇಟೆ_ಚಿಪ್

ಮಾಡಿದ್ರು ರಾಮು. ದೇಸಿ ಅಡ್ಡಾ ಅಂತ 2009ರಲ್ಲಿ ಸೋನಿಯ ಪಿಎಸ್‌2, ಪಿಎಸ್‌ಪಿ ಮೆಷಿನ್‌ಗಳಿಗೆ ಬಂತು. ಹೈದರಾಬಾದಿನ ಗೇಮ್‌ಶಾಸ್ತ್ರದವರು ಮಾಡಿದ್ದು, ನಮ್ಮ ಗಲ್ಲಿ ಆಟಗಳು: ಚಿನ್ನಿದಾಂಡು, ಕಬಡ್ಡಿ, ಗಾಳಿಪಟ. ಮುಂಬೈನ ಟ್ರೈನ್ ಗೇಮ್ಸ್‌ನವರು ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್ ಮಾಡಿದ್ರು. ಅದ್ಭುತ ಅಂತ ಹೇಳಲ್ಲ. ಗಾಳಿಪಟ ಹಾರಿಸೋದಕ್ಕಿಂತ ಮೆನು ದಾಟೋದೇ ಕಷ್ಟ. ಆದ್ರೆ ಒಬ್ಬರ ಹತ್ತಿರವೂ ಈಗ ಯುಎಂಡಿ (ಪಿಎಸ್‌ಪಿಗೆ ಹಾಕೋ ಡಿಸ್ಕ್) ಇಲ್ಲ. ವಿದೇಶಿ ಗೇಮ್ ಕೂಡಿಡೋರಿಗೆ ಮನೆಯದ್ದು ಕಾಣ್ಸಲ್ಲ.

ಕತ್ರಿಗುಪ್ಪೆ_ಕಾಂಟ್ರಾ

ಬೊಕ್ಟಾಯ್ ತಾರಸಿಗೆ ಒಯ್ದೆ, ಮೀಟರ್ ಏರ್ತು! ಮಾವನಿಗೆ ಹೇಳಿದ್ರೆ, ದುಬೈನಿಂದ ಬಂದ ಗಿರಾಕಿ ಒಬ್ಬರು ವಾಕ್‌ಮನ್‌ಗೆ ಬದಲಾಗಿ ಕೊಟ್ಟು ಹೋಗಿದ್ದು ಅಂದ್ರು.

ಚೈನೀಸ್ ಕ್ಯಾಸೆಟ್ ಕೂಡ ಆಲ್ಕೋಹಾಲ್ ಹಾಕಿ ಒರೆಸಿದೆ. ಈಗ ಆನ್ ಆಗುತ್ತೆ! ಕತ್ತಿ ಹುಡುಗ ಒಂದು ಹಳ್ಳಿಯಲ್ಲಿ ನಿಂತಿದಾನೆ, ಮೇಲಿಂದ ನೋಡೋ ನೋಟ, ಎಲ್ಲರೂ ಚೈನೀಸ್‌ನಲ್ಲಿ ಮಾತಾಡ್ತಾರೆ. ಆಫೀಸಿನ ಗೆಳೆಯನ ಹತ್ರ ಜಿಬಿಎಕ್ಸ್‌ಕಾರ್ಟ್ ರೀಡರ್ ಇತ್ತು, ಯುಎಸ್‌ಬಿಗೆ ಹಾಕಿ ಕ್ಯಾಸೆಟ್ ಒಳಗಿನದನ್ನ ಕಂಪ್ಯೂಟರ್‌ಗೆ ಇಳಿಸಿದೆ (ಡಂಪ್ ಅಂತಾರಲ್ಲ, ಅದು). ಬಂದಿದ್ದು ಬರೀ 32 ಕಿಲೋಬೈಟ್. ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲೇ ಗೇಮ್ ಬಾಯ್ ಥರ ನಡೆಯೋ ಸಾಫ್ಟ್‌ವೇರ್) ಹಾಕಿದ್ರೆ ಬಿಳಿ ಪರದೆ. ಕ್ಯಾಸೆಟ್ ಮಾತ್ರ ಮೆಷಿನ್‌ನಲ್ಲಿ ಸಲೀಸಾಗಿ ಓಡುತ್ತೆ. ಎಲ್ಲಿ ಸಿಕ್ಕಿಹಾಕ್ಕೊಂಡಿದೆ?

ಪಿಕ್ಸೆಲ್_ಪದ್ದಕ್ಕ

ಈ ಕ್ಷಣಕ್ಕೇ ನಾನು ಕಾಯ್ತಿದ್ದೆ.

ಗೇಮ್ ಬಾಯ್‌ಗೆ ಒಂದು ಸಲಕ್ಕೆ ಕ್ಯಾಸೆಟ್‌ನ 32 ಕಿಲೋಬೈಟ್ ಮಾತ್ರ ಕಾಣುತ್ತೆ. ದೊಡ್ಡ ಗೇಮ್‌ಗಳನ್ನ 16 ಕಿಲೋಬೈಟ್‌ನ ಬ್ಯಾಂಕ್‌ಗಳಾಗಿ ಕತ್ತರಿಸಿರ್ತಾರೆ, ಕ್ಯಾಸೆಟ್ ಒಳಗಿನ ಮ್ಯಾಪರ್ ಚಿಪ್ ಬೇಕಾದ ಬ್ಯಾಂಕನ್ನ ಎದುರಿಗೆ ತಂದು ನಿಲ್ಲಿಸುತ್ತೆ. ಎಷ್ಟು ಬ್ಯಾಂಕ್, ಯಾವ ಮ್ಯಾಪರ್ ಅನ್ನೋದು ಕ್ಯಾಸೆಟ್‌ನ ಗುರುತಿನ ಚೀಟಿ ಥರ ಇರೋ ಹೆಡರ್‌ನಲ್ಲಿ ಬರೆದಿರುತ್ತೆ, ರೀಡರ್ ಅದನ್ನ ನಂಬುತ್ತೆ. ಕಳ್ಳ ಕ್ಯಾಸೆಟ್ ಹೆಡರ್‌ನಲ್ಲಿ ಬೇಕಂತಲೇ ಸುಳ್ಳು ಬರೀತಾರೆ. ಮೆಷಿನ್ ಹೆಡರ್‌ನ ಚಿಕ್ಕ ಚೆಕ್‌ಸಮ್ (ತಪ್ಪು ಹಿಡಿಯೋ ಮೊತ್ತ) ಮಾತ್ರ ನೋಡುತ್ತೆ, ಇಡೀ ಗೇಮ್‌ನ ಚೆಕ್‌ಸಮ್ ನೋಡೋದೇ ಇಲ್ಲ. ಹಾಗಾಗಿ ಸುಳ್ಳು ನಡೆಯುತ್ತೆ.

ಅದಕ್ಕಿಂತ ಮೇಲೆ ವಾಸ್ಟ್ ಫೇಮ್‌ನಂಥವರು ಇನ್ನೂ ಒಂದು ಬೀಗ ಹಾಕ್ತಿದ್ರು. ಗೇಮ್ ಶುರುವಾದ ಮೇಲೆ ಚಿಪ್‌ಗೆ ಒಂದು ಗುಟ್ಟಿನ ಸಂಖ್ಯೆ ಬರೆಯುತ್ತೆ, ಅಲ್ಲಿಂದಾಚೆ ಓದಿದ ಪ್ರತಿ ಬೈಟ್‌ನ ಬಿಟ್‌ಗಳು ಅದಲುಬದಲಾಗಿ ಬರ್ತವೆ. ಗೇಮ್‌ಗೆ ಅದು ಗೊತ್ತು, ನಕಲು ಮಾಡೋನಿಗೆ ಗೊತ್ತಿಲ್ಲ. ಹೌದು ವಕೀಲರೇ, ಕಳ್ಳರಿಂದ ತಮ್ಮ ಮಾಲು ಕಾಪಾಡ್ಕೊಳ್ಳೋಕೆ ಇವರು ನಿಂಟೆಂಡೊಗಿಂತ ಗಟ್ಟಿ ಬೀಗ ಮಾಡಿದ್ರು! ಎಷ್ಟೋ ವರ್ಷ ಯಾವ ಎಮ್ಯುಲೇಟರೂ ಇವನ್ನ ಓಡಿಸಲಿಲ್ಲ. ಆಮೇಲೆ ಇಂಥ ಅನಧಿಕೃತ ಕ್ಯಾಸೆಟ್‌ಗಳಿಗಾಗಿಯೇ ಹಗ್‌ಬಾಯ್ ಅನ್ನೋ ಎಮ್ಯುಲೇಟರ್ ಬೆಳೀತು.

ನೀವು ಮಾಡಬೇಕಾದ್ದು: ರೀಡರ್ ಸಾಫ್ಟ್‌ವೇರ್‌ನಲ್ಲಿ ಆಟೋ ಡಿಟೆಕ್ಟ್ ಬಿಟ್ಟು ಮ್ಯಾಪರ್ ಎಂಬಿಸಿ5 ಅಂತ, ಸೈಜ್ 2 ಮೆಗಾಬೈಟ್ ಅಂತ ಕೈಯಾರೆ ಕೊಡಿ. ಡೇಟಾ ಎಲ್ಲಿಂದ ಮತ್ತೆ ಮೊದಲಿನಿಂದ ಶುರುವಾಗುತ್ತೋ ಅದೇ ನಿಜವಾದ ಗಾತ್ರ. ಬಿಟ್ ಅದಲುಬದಲಾಗಿದ್ರೆ ಅದನ್ನ ಬಿಡಿಸೋದು ಬೇರೆ ಕೆಲಸ, ನನ್ನ ಕೈಯಲ್ಲಿ ಕೊಡಿ.

ಸೋಲ್ಡರ್_ಸೀನ

ಅಕ್ಕಾ, ಡಂಪ್ ಮಾಡೋ ಮುಂಚೆ ವೋಲ್ಟೇಜ್ ಸ್ವಿಚ್ ನೋಡ್ಕೊಳ್ಳೋಕೆ ಹೇಳಿ. ಗೇಮ್ ಬಾಯ್, ಕಲರ್ ಕ್ಯಾಸೆಟ್ 5 ವೋಲ್ಟ್, ಅಡ್ವಾನ್ಸ್ 3.3. ಅಡ್ವಾನ್ಸ್ ಕ್ಯಾಸೆಟ್‌ಗೆ 5 ಕೊಟ್ರೆ ಚಿಪ್‌ಗೆ ಪೂಜೆ ಆಗ್ಬಿಡುತ್ತೆ.

ಜಯನಗರ_ಟೈಲ್

ಚೈನೀಸ್ ಗೇಮ್ ಅಂದಿದ್ದಕ್ಕೆ ನನ್ನ ಗೋಳು ಹೇಳ್ಕೊಳ್ತೀನಿ. ಗೇಮ್ ಬಾಯ್ ಗೇಮ್ ಕಟ್ಟೋ ಸಾಫ್ಟ್‌ವೇರ್ ಜಿಬಿ ಸ್ಟುಡಿಯೋದಲ್ಲಿ ಒಂದು ಗೇಮ್ ಮಾಡ್ತಿದೀನಿ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಕಳೆದುಹೋದ ಅಜ್ಜಿ, ಪ್ಲಾಟ್‌ಫಾರ್ಮ್ ಹುಡುಕೋ ಮೊಮ್ಮಗ. ಕನ್ನಡದಲ್ಲೇ ಇರಬೇಕು ಅಂತ ಹಠ. ಗೇಮ್ ಬಾಯ್ ಪರದೆ 160 ಅಗಲ, 144 ಎತ್ತರ. ಎಲ್ಲವೂ 8x8 ಪಿಕ್ಸೆಲ್‌ನ ಟೈಲ್. ಇಂಗ್ಲಿಷಿನ ಎ 8x8ರಲ್ಲಿ ಆರಾಮಾಗಿ ಕೂರುತ್ತೆ. "ಷ್ಟ್ರ" ಹೇಗೆ ಕೂರಿಸೋದು? "ಕೃ" ಬರೆದ್ರೆ ಕೆಳಗಿನ ಬಾಲ ಮುಂದಿನ ಸಾಲಿನ ತಲೆ ಮೇಲೆ ಬೀಳುತ್ತೆ.

ಕೊನೆಗೆ ದಾರಿ ತೋರಿಸಿದ್ದು ಈ ಚೈನೀಸ್ ಕ್ಯಾಸೆಟ್‌ಗಳೇ. ಅವರದೂ ಇದೇ ಕಷ್ಟ, ಸಾವಿರಾರು ಅಕ್ಷರ. ಅವರು ಅಕ್ಷರಮಾಲೆಯನ್ನ ಮೊದಲೇ ವಿಡಿಯೋ ಮೆಮೊರಿಗೆ ತುಂಬೋದಿಲ್ಲ, ಮಾತು ಬಂದಾಗ ಆ ಮಾತಿನ ಅಕ್ಷರಗಳನ್ನ ಮಾತ್ರ ಅಲ್ಲೇ ಬಿಡಿಸ್ತಾರೆ. ನಾನೂ ಹಾಗೇ ಮಾಡಿದೆ. ಒಂದೊಂದು ಅಕ್ಷರವನ್ನ ಒತ್ತು, ಕೊಂಬು ಸಮೇತ 16x16ಕ್ಕೆ, ಅಂದ್ರೆ ನಾಲ್ಕು ಟೈಲ್‌ಗೆ ಬಿಡಿಸೋದು. ಮಾತಿನ ಪೆಟ್ಟಿಗೆಯಲ್ಲಿ ಒಂದು ಸಾಲಿಗೆ 9 ಅಕ್ಷರ, ಎರಡು ಸಾಲಿಗೆ 72 ಟೈಲ್ ಮೀಸಲಿಟ್ಟರೆ ಸಾಕು. ಒಂದು ಅಕ್ಷರಕ್ಕೆ 64 ಬೈಟ್, 500 ಅಕ್ಷರ ಇದ್ರೂ ಕ್ಯಾಸೆಟ್‌ನಲ್ಲಿ ಎರಡು ಬ್ಯಾಂಕ್ ಮೀರಲ್ಲ. ಜಿಬಿ ಸ್ಟುಡಿಯೋಗೆ ಇದು ತಾನಾಗಿ ಬರಲ್ಲ, ಪ್ಲಗಿನ್ ಬರೆದು ಕೂರಿಸಬೇಕು.

ಸಾಲಿಗೆ 9 ಅಕ್ಷರ ಅಂದ್ರೆ ಅಜ್ಜಿ ಉದ್ದುದ್ದ ಮಾತಾಡೋ ಹಾಗಿಲ್ಲ. "ಎಲ್ಲಿಗೋ ಹೊಂಟೆ ಮಗಾ" ಅಂದ್ರೆ, ಸೊನ್ನೆಯನ್ನ ಬೇರೆ ಅಕ್ಷರವಾಗಿ ಎಣಿಸಿ, 8, ಜೊತೆಗೆ ಎರಡು ಖಾಲಿ ಜಾಗ. ಜಾಗವನ್ನ ಅರ್ಧ ಅಗಲ ಮಾಡಿದೆ, ಕರೆಕ್ಟಾಗಿ ಕೂತ್ಕೊಳ್ತು.

ಪಿಕ್ಸೆಲ್_ಪದ್ದಕ್ಕ

ಇದನ್ನ ಬೇರೆ ಥ್ರೆಡ್‌ನಲ್ಲಿ ಪೂರ್ತಿ ಬರೀರಿ, ಫಾಂಟ್ ಸಮೇತ. ಇಲ್ಲಿ ಕಳೆದುಹೋಗೋದು ಬೇಡ.

ಧಾರವಾಡದ_ಮಂಜ್ಯಾ

ಅಜ್ಜಿ ಧಾರವಾಡದಾಕಿ ಇದ್ರ ನಾ ಮಾತು ಬರಕೊಡ್ತೀನಿ. ಒಂಬತ್ತರಾಗ ಬೈಯೋದು ನಮಗ ಸಲೀಸು.

ವಕೀಲ್_ವಿಜಯನಗರ

ಆ ಅಜ್ಜಿಯ ಕೃತಿಸ್ವಾಮ್ಯ ನೋಂದಣಿಗೆ ಬೇಕಿದ್ದರೆ ಹೇಳಿ. ಫೀಸಿಲ್ಲ.

ಕತ್ರಿಗುಪ್ಪೆ_ಕಾಂಟ್ರಾ

ಪದ್ದಕ್ಕ ಹೇಳಿದ ಹಾಗೆ ಮಾಡಿದೆ. 1 ಮೆಗಾಬೈಟ್ ಆದ ಮೇಲೆ ಡೇಟಾ ಮತ್ತೆ ಮೊದಲಿಂದ ಬರುತ್ತೆ. ಮೊದಲ ಬ್ಯಾಂಕ್ ಚೆನ್ನಾಗಿದೆ, ಮಿಕ್ಕಿದ್ದೆಲ್ಲ ಕಸದ ಥರ ಕಾಣುತ್ತೆ, ಬಿಟ್ ಅದಲುಬದಲು ಇರ್ಬೇಕು. ಫೈಲ್, ಬೋರ್ಡ್‌ನ ಎರಡೂ ಕಡೆಯ ಫೋಟೋ ನಿಮಗೆ ಕಳಿಸಿದೀನಿ. ಬೋರ್ಡ್ ಮೇಲೆ ಎರಡು ಕಪ್ಪು ಉಂಡೆ, ಒಂದು ಬ್ಯಾಟರಿ. ಬ್ಯಾಟರಿ ಸುತ್ತ ಸ್ವಲ್ಪ ಬಿಳಿ ಪುಡಿ ಬಂದಿದೆ. ತೆಗೀಲಾ?

ಸೋಲ್ಡರ್_ಸೀನ

ಮೊದಲು ಸೇವ್ ಡಂಪ್ ಮಾಡ್ಕೊಳ್ಳಿ, ಬ್ಯಾಟರಿ ಬಿಚ್ಚಿದ ಕ್ಷಣ ಅದು ಹೋಗುತ್ತೆ. ಆಮೇಲೆ ತೆಗೆಯಿರಿ, ಬಿಳಿ ಪುಡಿಯನ್ನ ಆಲ್ಕೋಹಾಲ್ ಹಾಕಿ ಒರೆಸಿ. ಹೊಸದಕ್ಕೆ ಟ್ಯಾಬ್ ಇರೋ ಬ್ಯಾಟರಿನೇ ತಗೊಳ್ಳಿ. ಬೋಳು ಸೆಲ್ ಮೇಲೆ ನೇರವಾಗಿ ಸೋಲ್ಡರ್ ಇಟ್ರೆ ಬಿಸಿಗೆ ಸಿಡಿಯುತ್ತೆ. ಹಳೇದರ ಮೇಲೆ ಸಿಆರ್2025 ಅಂತಿದ್ಯೋ ಸಿಆರ್1616 ಅಂತಿದ್ಯೋ ನೋಡ್ಕೊಂಡು ಹೋಗಿ. ಎಸ್.ಪಿ. ರೋಡಲ್ಲಿ ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರ್ತವೆ, ಶನಿವಾರ ಬನ್ನಿ, ನಾನೂ ಅಲ್ಲೇ ಇರ್ತೀನಿ.

ಪಿಕ್ಸೆಲ್_ಪದ್ದಕ್ಕ

ಫೈಲ್ ಬಂತು. ಬಿಟ್‌ಗಳು ನಾಲ್ಕು ಬಗೆಯಾಗಿ ಅದಲುಬದಲಾಗಿವೆ, ಎರಡನ್ನ ಬಿಡಿಸಿದೀನಿ, ಹಳ್ಳಿ ನಕ್ಷೆ ಕಾಣ್ತಿದೆ. ಇನ್ನೆರಡು ಬಾಕಿ.

ಆದ್ರೆ ಒಂದೇ ಕ್ಯಾಸೆಟ್‌ನ ಡಂಪ್ ಆದ್ರೆ ಓದುವಾಗ ತಪ್ಪಿದ್ದು ಯಾವುದು, ಮಾಡಿದವರೇ ಹಾಕಿದ್ದು ಯಾವುದು ಗೊತ್ತಾಗಲ್ಲ. ಇನ್ನೊಂದು ಪ್ರತಿ ಬೇಕು. ಕತ್ತಿ ಹಿಡಿದ ಹುಡುಗ, ಕೆಂಪು ಲೇಬಲ್, ಗೇಮ್ ಬಾಯ್ ಕಲರ್, ಕವಚ ಪಾರದರ್ಶಕ ನೀಲಿ. ಬೆಂಗಳೂರಲ್ಲಿ ಯಾರ ಮನೇಲಾದ್ರೂ ಇದ್ರೆ ಇಲ್ಲೇ ಬರೀರಿ. ಕೊಳ್ಳಲ್ಲ, ಓದಿ ವಾಪಸ್ ಕೊಡ್ತೀನಿ.